ಐರಿಶ್ ಪಿಟೀಲಿಗೆ ಪಿಯಾನೊ, ಚೆಲ್ಲೊ ಸಾಥ್: ನಮ್ಮ ಬೀಸುವ ಪದಕ್ಕೂ ಹೀಗೆ ಮಾಡಬಹುದಾ?

ವಿದ್ಯಾನಗರ ಪಿಟೀಲು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಪಿಟೀಲು ವಾದಕ ಮಾರ್ಟಿನ್ ಹೇಯ್ಸ್ ಅವರ 'ಪೆಗೀಸ್ ಡ್ರೀಮ್' ಆಲ್ಬಂ ಇಲ್ಲಿ ಯಾರಾದರೂ ಕೇಳಿದ್ದೀರಾ? 2023ರಲ್ಲಿ ಬಂದದ್ದು. ಜೊತೆಗಿರುವ ಗುಂಪಿನ ಹೆಸರು ಕಾಮನ್ ಗ್ರೌಂಡ್ ಆನ್ಸಾಂಬಲ್. ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ನನ್ನ ಹಳೇ ವಿದ್ಯಾರ್ಥಿನಿ ಲಿಂಕ್ ಕಳಿಸಿದಳು. ಆವತ್ತಿನಿಂದ ಅಡುಗೆ ಮಾಡುವಾಗಲೂ ಅದೇ, ಪಾಠ ಮುಗಿದ ಮೇಲೂ ಅದೇ.

ನಾನು ವಿದ್ಯಾನಗರದ ನಮ್ಮ ಮನೆಯಲ್ಲೇ ಮಕ್ಕಳಿಗೆ ಕರ್ನಾಟಕ ಸಂಗೀತದ ಪಿಟೀಲು ಹೇಳಿಕೊಡುತ್ತೇನೆ. ಪಾಶ್ಚಾತ್ಯ ಸಂಗೀತ ಕಲಿತವಳಲ್ಲ. ಅದಕ್ಕೇ ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ. ಹೇಯ್ಸ್ ಕ್ಲೇರ್ ಕೌಂಟಿಯ ಪೂರ್ವ ಭಾಗದ ಹಳ್ಳಿಯವರು. ತಂದೆ ಪಿ. ಜೆ. ಹೇಯ್ಸ್ ಕೂಡ ಪಿಟೀಲು ವಾದಕರು. 1946ರಲ್ಲಿ ಶುರುವಾದ ಟುಲ್ಲಾ ಕೇಲಿ ಬ್ಯಾಂಡನ್ನು ನಡೆಸಿದವರು. ಕೇಲಿ ಬ್ಯಾಂಡ್ ಊರಿನವರ ಕುಣಿತಕ್ಕೆ ನುಡಿಸುವ ಮೇಳ. ಹಾಗಾಗಿ ಮಗನಿಗೆ ಚಿಕ್ಕಂದಿನಿಂದ ಸಿಕ್ಕಿದ್ದೆಲ್ಲ ಕುಣಿತದ ಧಾಟಿಗಳೇ. ಆದರೆ ಇವರು ಅವನ್ನು ಕುಣಿಯುವವರಿಗಾಗಿ ನುಡಿಸುತ್ತಿಲ್ಲ, ಕೂತು ಕೇಳುವವರಿಗಾಗಿ ನುಡಿಸುತ್ತಾರೆ. ನಮ್ಮ ಗಮಕದ ಹಾಗೆ ಸ್ವರವನ್ನು ತೂಗುವುದಿಲ್ಲ. ಒಂದು ಸ್ವರ ಹಿಡಿದು, ಮೇಲಿನದನ್ನೊಮ್ಮೆ ಕೆಳಗಿನದನ್ನೊಮ್ಮೆ ಬೆರಳ ತುದಿಯಲ್ಲಿ ಮುಟ್ಟಿ ವಾಪಸ್ ಬರುವ ಚಿಕ್ಕ ಸುತ್ತು ಇದೆ. ಅದಕ್ಕೆ ರೋಲ್ ಅನ್ನುತ್ತಾರೆ. ಬೇರೆ ಐರಿಶ್ ವಾದಕರು ಅದನ್ನು ಧಾರಾಳವಾಗಿ ಹಾಕುತ್ತಾರೆ. ಇವರು ಕೈ ಬಿಗಿ ಹಿಡಿದು ಹಾಕುತ್ತಾರೆ. ಉಳಿದ ಕೆಲಸವೆಲ್ಲ ಕಮಾನಿನದು. ಅದೇ ಧಾಟಿ ಮತ್ತೆ ಮತ್ತೆ ಬಂದರೂ ಕಮಾನಿನ ಒತ್ತು ಬೀಳುವ ಜಾಗ ಬೇರೆಯಾಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದೊಂದನ್ನು ಕೇಳಿಸಿದರೂ ಸಾಕು ಅನ್ನಿಸಿತು.

ಅವರ ಸುತ್ತ ಕೂತವರನ್ನು ನೋಡಿ. ಪಿಯಾನೊದಲ್ಲಿ ಕಾರ್ಮ್ಯಾಕ್ ಮೆಕಾರ್ಥಿ, ಜಾಜ್ ಗೊತ್ತಿರುವವರು. ಚೆಲ್ಲೊದಲ್ಲಿ (ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ) ಕೇಟ್ ಎಲ್ಲಿಸ್, ಹೊಸ ಬಗೆಯ ಚೇಂಬರ್ ಸಂಗೀತ, ಅಂದರೆ ಕೆಲವೇ ವಾದ್ಯಗಳ ಪಾಶ್ಚಾತ್ಯ ಸಂಗೀತ ನುಡಿಸುವ ಕ್ರ್ಯಾಶ್ ಆನ್ಸಾಂಬಲ್‌ನವರು. ಗಿಟಾರಿಗೆ ನ್ಯೂಯಾರ್ಕಿನ ಕೈಲ್ ಸ್ಯಾನಾ. ಇನ್ನು ಬ್ರಯನ್ ಡೊನೆಲನ್, ಹೇಯ್ಸ್ ಅವರ ಕಡೆಯವರೇ. ಅವರು ಬುಝೂಕಿ (ಉದ್ದ ಕತ್ತಿನ ತಂತಿವಾದ್ಯ), ಕನ್ಸರ್ಟಿನಾ (ಕೈಯಲ್ಲಿ ಹಿಡಿದು ಗಾಳಿ ಒತ್ತಿ ನುಡಿಸುವ ಪುಟ್ಟ ವಾದ್ಯ) ಮತ್ತೆ ಹಾರ್ಮೋನಿಯಂ ನುಡಿಸುತ್ತಾರೆ. ಹೌದು, ಹಾರ್ಮೋನಿಯಂ! ಡ್ರಮ್ಸ್ ಮಾತ್ರ ಇಲ್ಲ. ಇಡೀ ಗುಂಪಿನಲ್ಲಿ ತಾಳವಾದ್ಯದವರು ಯಾರೂ ಇಲ್ಲ. ಆದರೂ ಲಯ ಒಂದು ಕ್ಷಣ ಕೈ ಬಿಡುವುದಿಲ್ಲ.

ಈಗ ನನ್ನ ಪ್ರಶ್ನೆ. ನಮ್ಮೂರಿನ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನ ಮಕ್ಕಳಿಂದ 'ಫ್ಯೂಷನ್' ಬೇಕು ಅಂದಿದ್ದಾರೆ. ಬೀಟ್ಸ್ ಇರುವ ಟ್ರ್ಯಾಕ್ ಹಾಕಿ, ಅದರ ಮೇಲೆ ಪಿಟೀಲು ನುಡಿಸಿ ಅನ್ನುತ್ತಾರೆ. ನನಗೆ ಅದು ಬೇಡ. ನಮ್ಮತ್ತೆ ಜಗಳೂರು ಕಡೆಯವರು. ಅವರಿಗೆ ಬೀಸುವ ಪದಗಳು ಬರುತ್ತವೆ. ಅದರಲ್ಲಿ ಒಂದರ ಧಾಟಿ ತಗೊಂಡು, ಈ ಆಲ್ಬಂನವರು ಕುಳಿತ ಹಾಗೆ ಮಕ್ಕಳನ್ನು ಕೂರಿಸಿ ನುಡಿಸಬೇಕು ಅಂತ ಆಸೆ. ಇರುವವರು ಪಿಟೀಲಿನವರು ಮೂವರು, ಒಬ್ಬ ಕೀಬೋರ್ಡ್ ಹುಡುಗ, ಗಿಟಾರ್ ಕಲಿಯುತ್ತಿರುವ ಕಾಲೇಜು ಹುಡುಗಿ ಒಬ್ಬಳು.

ಜಾಜ್ ಅಂದರೆ ಒಬ್ಬೊಬ್ಬರೇ ಮುಂದೆ ಬಂದು ಮನೋಧರ್ಮ ತೋರಿಸುವುದು, ಅಂದರೆ ಆಗಲೇ ಕಲ್ಪಿಸಿಕೊಂಡು ನುಡಿಸುವುದು ಅಂತ ಕೇಳಿದ್ದೆ. ಇಲ್ಲಿ ಹಾಗೆ ಕಾಣುವುದಿಲ್ಲ. ಹಾಗಾದರೆ ಇದರಲ್ಲಿ ಜಾಜ್ ಎಲ್ಲಿದೆ? ಧಾಟಿ ಕೆಡದ ಹಾಗೆ ಇಷ್ಟು ವಾದ್ಯಗಳನ್ನು ಅದರ ಜೊತೆ ಹೇಗೆ ಕೂರಿಸುತ್ತಾರೆ? ದಯವಿಟ್ಟು ಬಿಡಿಸಿ ಹೇಳಿ.

ಜೋಗಿಮಟ್ಟಿ ಕೀಬೋರ್ಡ್ (ಚಿತ್ರದುರ್ಗ)

ಮೇಡಂ, ಒಳ್ಳೆಯ ಪ್ರಶ್ನೆ. ನಾನು ದುರ್ಗದವನು, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಜಾಜ್ ನನ್ನ ಪ್ರೀತಿ. ಮಾರ್ಟಿನ್ ಹೇಯ್ಸ್ ಹಿಂದೆ ಬಿದ್ದು ಬಹಳ ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ ತಿಳಿದರೆ ಉಳಿದದ್ದು ಸುಲಭ. ಐರಿಶ್ ಸಂಗೀತದಲ್ಲಿ ಮೊದಲು ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು, ಅನ್ನೋದೇ ಇರಲಿಲ್ಲ. ನಮ್ಮ ಹಾಗೇ ಒಂದೇ ಧಾಟಿ. ಹತ್ತು ಜನ ಕೂತರೂ ಹತ್ತೂ ಜನ ಅದನ್ನೇ ನುಡಿಸುತ್ತಾರೆ. ಪಿಯಾನೊ ಜೋರಾಗಿ ಬಂದದ್ದು 1920ರ ದಶಕದ ಗ್ರಾಮಫೋನ್ ಪ್ಲೇಟುಗಳಲ್ಲಿ. ಸ್ಲೈಗೋ ಕಡೆಯ ಮೈಕಲ್ ಕೋಲ್ಮನ್ ನ್ಯೂಯಾರ್ಕಿನಲ್ಲಿ ಪಿಟೀಲು ರೆಕಾರ್ಡ್ ಮಾಡುವಾಗ ಪಕ್ಕದಲ್ಲಿ ಪಿಯಾನೊದವರನ್ನು ಕೂರಿಸಿದರು. ಎಷ್ಟೋ ಪ್ಲೇಟುಗಳಲ್ಲಿ ಪಿಟೀಲು ದೇವರ ಹಾಗೆ ಹೋಗುತ್ತಿದ್ದರೆ, ಪಿಯಾನೊ ಸುಮ್ನೆ ಧಡ್ ಧಡ್ ಅಂತ ಹಿಂದೆ ಬರುತ್ತದೆ. ನಿಮ್ಮ ಶಾಲೆಯವರು ಕೇಳುತ್ತಿರುವ ಬೀಟ್ಸ್ ಟ್ರ್ಯಾಕ್ ಇದೇ ಜಾತಿಯದ್ದು.

1960ರ ದಶಕದಲ್ಲಿ ಶಾನ್ ಓ ರೀಯಡಾ ಅನ್ನುವ ಸಂಯೋಜಕರು ಹಳ್ಳಿಯ ವಾದಕರನ್ನು ಕೂಡಿಸಿ ಒಂದು ಮೇಳ ಕಟ್ಟಿದರು. ಪಿಯಾನೊಗಿಂತ ಹಳೇ ಕಾಲದ ಹಾರ್ಪ್ಸಿಕಾರ್ಡ್ ಅನ್ನು ಅವರೇ ನುಡಿಸುತ್ತಿದ್ದರು. ಎಲ್ಲರೂ ಯಾವಾಗಲೂ ಒಟ್ಟಿಗೆ ನುಡಿಸಬೇಕಿಲ್ಲ, ಒಬ್ಬರು ನಿಂತಾಗ ಇನ್ನೊಬ್ಬರು ಎತ್ತಿಕೊಳ್ಳಬಹುದು ಅಂತ ಅವರು ತೋರಿಸಿಕೊಟ್ಟರು. ಅದೇ ದಶಕದಲ್ಲಿ ಗ್ರೀಸ್ ದೇಶದ ಬುಝೂಕಿ ಐರ್ಲೆಂಡಿಗೆ ಬಂತು. ಈಗ ಅದು ಅವರದ್ದೇ ಆಗಿಹೋಗಿದೆ.

ಇನ್ನು ಹೇಯ್ಸ್ ಕಥೆ. ಇವರು 1980ರ ದಶಕದಲ್ಲಿ ಶಿಕಾಗೊಗೆ ಹೋದರು. ಅಲ್ಲಿ ಗಿಟಾರಿನ ಡೆನಿಸ್ ಕೇಹಿಲ್ ಸಿಕ್ಕರು. ಇಬ್ಬರೂ ಸೇರಿ ಮೊದಲು ರಾಕ್ ಬ್ಯಾಂಡಿನಲ್ಲಿ ಇದ್ದವರು. ಆಮೇಲೆ ಎಲ್ಲ ಬಿಟ್ಟು ಬರೀ ಎರಡು ವಾದ್ಯಕ್ಕೆ ಇಳಿದರು. 1997ರ 'ದ ಲೋನ್ಸಮ್ ಟಚ್' ಕೇಳಿ. ಕೇಹಿಲ್ ಪೂರ್ತಿ ಕಾರ್ಡ್ ಬಾರಿಸುವುದೇ ಕಮ್ಮಿ. ಎರಡು ಸ್ವರ, ಕೆಲವು ಸಲ ಒಂದೇ ಸ್ವರ. ಅಷ್ಟು ಕೊಟ್ಟು ಕಾಯುತ್ತಾರೆ. 1999ರ 'ಲೈವ್ ಇನ್ ಸಿಯಾಟಲ್'ನಲ್ಲಿ ಧಾಟಿಯಿಂದ ಧಾಟಿಗೆ ಹೋಗುತ್ತಾ ಅರ್ಧ ಗಂಟೆಯ ಹತ್ತಿರ ಒಂದೇ ಎಳೆಯಲ್ಲಿ ನುಡಿಸಿದ್ದು ಇದೆ. ನಮ್ಮ ಕಛೇರಿ ಕೇಳಿದವರಿಗೆ ಅದು ತಕ್ಷಣ ಹಿಡಿಸುತ್ತದೆ.

2011ರಲ್ಲಿ ಇವರಿಬ್ಬರ ಜೊತೆ ಇನ್ನೂ ಮೂವರು ಸೇರಿ ದ ಗ್ಲೋಮಿಂಗ್ ಗುಂಪು ಆಯಿತು. ಮೊದಲ ಆಲ್ಬಂ 2014ರದ್ದು. ಪಿಯಾನೊ ಥಾಮಸ್ ಬಾರ್ಟ್ಲೆಟ್, ಅಮೆರಿಕದವರು. ಹಾಡುವವರು ಕಾರ್ಕ್ ಕೌಂಟಿಯ ಇಯರ್ಲಾ ಓ ಲಿನೋರ್ಡ್. ಅವರ ಪರಂಪರೆಯಲ್ಲಿ ಹಾಡಿಗೆ ಯಾವ ವಾದ್ಯದ ಸಾಥೂ ಇರುವುದಿಲ್ಲ. ಕ್ವಿವೀನ್ ಓ ರಾಹಲಿ ನುಡಿಸುವುದು ಹತ್ತು ತಂತಿಯ ಪಿಟೀಲು. ಐದಕ್ಕೆ ಕಮಾನು ತಾಗುತ್ತದೆ, ಇನ್ನೈದು ಸಾರಂಗಿಯ ತರಪ್ ತಂತಿಗಳಂತೆ ತಾವೇ ಮಿಡಿಯುತ್ತವೆ. ಆಮೇಲೆ 2017ರಲ್ಲಿ ಮಾರ್ಟಿನ್ ಹೇಯ್ಸ್ ಕ್ವಾರ್ಟೆಟ್‌ನ 'ದ ಬ್ಲೂ ರೂಮ್' ಬಂತು. ಕಾರ್ಕ್ ಕೌಂಟಿಯ ಬ್ಯಾಂಟ್ರಿ ಹೌಸ್ ಅನ್ನುವ ಹಳೇ ಬಂಗಲೆಯ ಒಂದು ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು. ಅದೇ ಬಂಗಲೆಯಲ್ಲಿ ಚೇಂಬರ್ ಸಂಗೀತದ ಉತ್ಸವವೂ ನಡೆಯುತ್ತದೆ. ಅದರಲ್ಲಿ ಡಗ್ ವೀಸಲ್ಮನ್ ನುಡಿಸಿದ ಬಾಸ್ ಕ್ಲಾರಿನೆಟ್ ಇದೆ. ನಮ್ಮ ಕಡೆ ಕ್ಲಾರಿನೆಟ್ ಅಂದರೆ ಮೆರವಣಿಗೆ ಬ್ಯಾಂಡು, ಇಲ್ಲವೇ ರಾಯಚೂರಿನ ನರಸಿಂಹಲು ವಡವಾಟಿ ಅವರು ನುಡಿಸಿದ ಹಿಂದೂಸ್ತಾನಿ. ಇಲ್ಲಿ ಅದು ಪಿಟೀಲಿನ ಕೆಳಗೆ ಉಸಿರಿನ ಹಾಗೆ ಇರುತ್ತದೆ.

ಡೆನಿಸ್ ಕೇಹಿಲ್ 2022ರಲ್ಲಿ ತೀರಿಕೊಂಡರು. ಅದರ ಮುಂದಿನ ವರ್ಷ ಬಂದದ್ದು ನೀವು ಕೇಳುತ್ತಿರುವ ಆಲ್ಬಂ. ನನಗೆ ಅದನ್ನು ಕೇಳುವಾಗಲೆಲ್ಲ ಅವರ ನೆನಪು ಬರುತ್ತದೆ. ಕಮ್ಮಿ ನುಡಿಸುವುದನ್ನು ಆ ಇಡೀ ಗುಂಪಿಗೆ ಅವರೇ ಕಲಿಸಿ ಹೋದ ಹಾಗಿದೆ.

ಜಾಜ್ ಎಲ್ಲಿದೆ ಅಂದಿರಲ್ಲ. ಐರಿಶ್ ಧಾಟಿಗಳು ಹೆಚ್ಚಾಗಿ ಇರುವುದು ನಮ್ಮ ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಠಭೈರವಿ ರಾಗಗಳ ಸ್ವರಗಳಲ್ಲಿ. 1959ರಲ್ಲಿ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜಾಜ್‌ನಲ್ಲಿ ಒಂದು ದಾರಿ ತೆರೆದರು. ಕಾರ್ಡ್ ಮೇಲೆ ಕಾರ್ಡ್ ಬದಲಿಸುವುದನ್ನು ಬಿಟ್ಟು, ಒಂದೇ ರಾಗದಂಥ ಸ್ವರಗಳಲ್ಲಿ ಬಹಳ ಹೊತ್ತು ನಿಲ್ಲುವುದು. ಆ ಸಲ ಅವರು ಮೊದಲು ಹಿಡಿದದ್ದೂ ಖರಹರಪ್ರಿಯದ ಸ್ವರಗಳನ್ನೇ. ಆ ದಾರಿಯಲ್ಲಿ ಬೆಳೆದ ಪಿಯಾನೊದವರಿಗೆ ಐರಿಶ್ ಧಾಟಿ ಹೊರಗಿನದು ಅನ್ನಿಸುವುದಿಲ್ಲ. ಹಾಗಾಗಿ ಇಲ್ಲಿನ ಜಾಜ್ ಇರುವುದು ಸೋಲೋದಲ್ಲಲ್ಲ. ಯಾವ ಸ್ವರವನ್ನು ಯಾವುದರ ಪಕ್ಕ ಇಡಬೇಕು, ಯಾವಾಗ ಸುಮ್ಮನಿರಬೇಕು ಅನ್ನೋ ತೀರ್ಮಾನದಲ್ಲಿ ಇದೆ. ಆ ತೀರ್ಮಾನವನ್ನು ನುಡಿಸುತ್ತಿರುವಾಗಲೇ, ಪಕ್ಕದವರನ್ನು ಕೇಳಿಕೊಂಡು ಮಾಡುತ್ತಾರೆ. ಮನೋಧರ್ಮ ಇದ್ದೇ ಇದೆ, ಧಾಟಿಯಲ್ಲಿ ಕಾಣುವುದಕ್ಕಿಂತ ಅದರ ಸುತ್ತ ಜಾಸ್ತಿ ಕಾಣುತ್ತದೆ.

ಚೇಂಬರ್ ಸಂಗೀತ ಎಲ್ಲಿದೆ ಅಂದರೆ, ಪ್ರತಿಯೊಬ್ಬರಿಗೂ ಬೇರೆ ಎಳೆ ಇದೆ. ಚೆಲ್ಲೊ ಕಾರ್ಡ್ ತುಂಬಿಸುವ ಕೆಲಸ ಮಾಡುತ್ತಾ ಕೂರುವುದಿಲ್ಲ, ಪಿಟೀಲಿಗೆ ಉತ್ತರ ಕೊಡುತ್ತದೆ.

ನಿಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಧಾಟಿಯನ್ನು ಮುಟ್ಟಬೇಡಿ. ಒಂದು ಸುತ್ತು ಒಂದೇ ಪಿಟೀಲು. ಎರಡನೇ ಸುತ್ತಿಗೆ ಕೆಳಗಿನ ಷಡ್ಜ (ಸ), ಪಂಚಮ (ಪ) ಮಾತ್ರ ಸೇರಲಿ. ಮೂರನೆಯದಕ್ಕೆ ಇನ್ನೊಂದು ಪಿಟೀಲು ಕೆಳಗಿನ ತಂತಿಯಲ್ಲಿ ಉದ್ದ ಕಮಾನು ಎಳೆಯಲಿ, ಅದೇ ನಿಮ್ಮ ಚೆಲ್ಲೊ. ಕೀಬೋರ್ಡ್ ಹುಡುಗನ ಎಡಗೈಗೆ ಕೆಲಸ ಕಮ್ಮಿ ಕೊಡಿ. ಅವನು ಖಂಡಿತ ಜಾಸ್ತಿ ನುಡಿಸಲು ನೋಡುತ್ತಾನೆ!

ಚಳ್ಳಕೆರೆ ಶೇಂಗಾ

ಮೇಡಂ, ನೀವು ಮನಸ್ಸಿಟ್ಟು ಕೇಳುತ್ತಿದ್ದೀರಿ, ಅದಕ್ಕೇ ನಾನೂ ಮನಸ್ಸಿಟ್ಟು ಹೇಳುತ್ತೇನೆ. ನನಗೆ ಇದು ಬೇಡ ಅನ್ನಿಸುತ್ತದೆ.

ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿರುತ್ತೀರಿ. ಓದು ಬರಹ ಗೊತ್ತಿಲ್ಲದ ಅಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ನಾಡೋಜ ಪದವಿ ಕೊಟ್ಟರು. ಅಂಥವರು ಹಾಡುವಾಗ ಪಕ್ಕದಲ್ಲಿ ಏನಿತ್ತು? ಏನೂ ಇರಲಿಲ್ಲ. ಬೇಕಿರಲೂ ಇಲ್ಲ.

ಇನ್ನೊಂದು ತೊಡಕು ಇದೆ. ನಮ್ಮ ಹಟ್ಟಿಗಳ ಹೆಂಗಸರು ಹಾಡುವ ಗಾಂಧಾರ (ಗ ಸ್ವರ) ನಿಮ್ಮ ಕೀಬೋರ್ಡಿನಲ್ಲಿ ಇಲ್ಲ. ಬಿಳಿ ಮನೆಗೂ ಕರಿ ಮನೆಗೂ ನಡುವೆ ಎಲ್ಲೋ ಇರುತ್ತದೆ. ನೀವು ಆ ಧಾಟಿಯನ್ನು ಕೀಬೋರ್ಡಿನ ಪಕ್ಕ ಕೂರಿಸಿದ ಕೂಡಲೇ ಮಕ್ಕಳ ಬೆರಳು ಕೀಬೋರ್ಡಿನ ಸ್ವರಕ್ಕೆ ಜಾರುತ್ತದೆ. ಅಲ್ಲಿಗೆ ಅದು ನಿಮ್ಮತ್ತೆಯ ಪದ ಆಗಿ ಉಳಿಯುವುದಿಲ್ಲ, ಯಾವುದೋ ಸಿನಿಮಾ ಹಾಡಿನ ಹಾಗೆ ಕೇಳಿಸುತ್ತದೆ. ಧಾಟಿ ಮುಟ್ಟಬೇಡಿ ಅನ್ನೋದು ಸುಲಭ. ಆದರೆ ಸುತ್ತ ಇಟ್ಟದ್ದೇ ಅದನ್ನು ಮುಟ್ಟಿಬಿಡುತ್ತದೆ. ಇದಕ್ಕೇನು ಮಾಡುತ್ತೀರಿ?

ಮತ್ತೆ, ಪಿಟೀಲಿನಲ್ಲಿ ನುಡಿಸಿದರೆ ಮಾತು ಹೋಗುತ್ತದೆ. ತ್ರಿಪದಿಯ ಮಾತೇ ಹೋದರೆ ಬೀಸುವ ಪದದಲ್ಲಿ ಏನು ಉಳಿಯಿತು?

ವಿದ್ಯಾನಗರ ಪಿಟೀಲು

ಚಳ್ಳಕೆರೆಯವರೇ, ನಿಮ್ಮ ಮಾತು ನನಗೆ ನಾಟಿತು. ಗಾಂಧಾರದ ವಿಷಯ ಪೂರ್ತಿ ನಿಜ. ಅತ್ತೆಯದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಪಿಟೀಲಿನಲ್ಲಿ ಹುಡುಕಿದಾಗ ಆ ಸ್ವರಕ್ಕೆ ಬೆರಳು ಇಡುವ ಜಾಗ ನಾನು ಕಲಿತ ಯಾವ ರಾಗದಲ್ಲೂ ಇರಲಿಲ್ಲ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲು ಇಲ್ಲವಲ್ಲ, ಅದಕ್ಕೇ ಸಿಕ್ಕಿತು.

ಆದರೆ ಹೊರಗಿನದು ಬೇಡವೇ ಬೇಡ ಅನ್ನೋದನ್ನು ನಾನು ಒಪ್ಪುವುದಿಲ್ಲ. ನಾನು ನುಡಿಸುವ ವಾದ್ಯವೇ ಹೊರಗಿನಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯುರೋಪಿನವರಿಂದ ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಅಲ್ಲಿನ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಹಾಕಿದರು. 'ಸಂತತಂ ಪಾಹಿಮಾಂ' ನುಡಿಸಿದರೆ ಇಂಗ್ಲೆಂಡಿನ ರಾಷ್ಟ್ರಗೀತೆಯ ಧಾಟಿಯೇ ಕೇಳಿಸುತ್ತದೆ. ನನ್ನ ಚಿಕ್ಕ ಮಕ್ಕಳು ಈ ನೊಟ್ಟುಸ್ವರಗಳಿಂದಲೇ ಕಮಾನಿನ ಹಿಡಿತ ಕಲಿಯುತ್ತಾರೆ. ಇನ್ನು ಜಗಳೂರಿನ ಕಡೆಯಾಗಲಿ ಚಳ್ಳಕೆರೆಯ ಕಡೆಯಾಗಲಿ, ಈಗ ಬೀಸುವ ಕಲ್ಲು ಇರುವ ಮನೆ ಎಷ್ಟಿವೆ ಹೇಳಿ. ಕಲ್ಲು ನಿಂತ ಮೇಲೆ ಪದ ಹಾಡುವ ಹೊತ್ತೇ ಇಲ್ಲವಾಗಿದೆ. ಅತ್ತೆ ನಾನು ಕೇಳಿದರೆ ಮಾತ್ರ ಹಾಡುತ್ತಾರೆ. ಮಕ್ಕಳ ಕಿವಿಗೆ ಅದು ಬೀಳಲು ಏನಾದರೂ ಒಂದು ನೆಪ ಬೇಕು.

ಮಾತು ಹೋಗುತ್ತದೆ ಅಂದದ್ದಕ್ಕೆ ನನ್ನ ಹತ್ತಿರ ಈಗ ಉತ್ತರ ಇಲ್ಲ. ಯೋಚನೆ ಮಾಡುತ್ತೇನೆ.

ಪೇಟಿ ಮಾಸ್ತರ್ (ದಾವಣಗೆರೆ)

ತಂಗೀ, ಹಾರ್ಮೋನಿಯಂ ಹೆಸರು ಬಂತು ಅಂತ ನಾನೂ ಬಾಯಿ ಹಾಕುತ್ತಿದ್ದೇನೆ. ನಾನು ಕಂಪನಿ ನಾಟಕಗಳಿಗೆ ಪೇಟಿ ನುಡಿಸಿದವನು. ನಮ್ಮ ದಾವಣಗೆರೆ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಾಲು ಹಾರ್ಮೋನಿಯಂ ತುಳಿದು ತುಳಿದು ನನ್ನ ಮಂಡಿ ಸವೆದಿದೆ.

ನೀವು ಹೇಳಿದ ಆಲ್ಬಂ ಅನ್ನು ಮೊಮ್ಮಗನಿಂದ ಫೋನಿನಲ್ಲಿ ಹಾಕಿಸಿಕೊಂಡು ಕೇಳಿದೆ. ಪೇಟಿ ಎಲ್ಲಿದೆ ಅಂತ ಕಿವಿಗೊಟ್ಟು ಹುಡುಕಬೇಕು. ಅದೇ ನನಗೆ ಖುಷಿಯಾಯಿತು. ನಮ್ಮ ಪೇಟಿಯ ಮೇಲೆ ಒಂದು ಹಳೇ ದೂರು ಇದೆ, ಅದು ಹಾಡುವವರ ಹಿಂದೆಯೇ ಓಡಿ ಪ್ರತಿ ಸ್ವರವನ್ನೂ ಒತ್ತುತ್ತದೆ ಅಂತ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗೆ ಹಾಕಿತು. ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಚಳ್ಳಕೆರೆಯವರು ಹೇಳಿದ ಗಾಂಧಾರದ ಜಗಳವೇ ಅಲ್ಲೂ ಆದದ್ದು. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇಲ್ಲ, ಶ್ರುತಿ ಸರಿಯಿಲ್ಲ ಅಂದರು. ದೂರು ಸುಳ್ಳಲ್ಲ. ಆದರೆ ಪೇಟಿಯನ್ನು ಎಲ್ಲದಕ್ಕೂ ಒತ್ತಲೇಬೇಕು ಅಂತ ಯಾರು ಹೇಳಿದರು?

ಕಂಪನಿಯಲ್ಲಿ ನನಗೆ ಹಿರಿಯರು ಹೇಳಿಕೊಟ್ಟದ್ದು ಹೀಗೆ. ನಟಿ ಕಂದಪದ್ಯ ಹಾಡುವಾಗ ಪೇಟಿ ಷಡ್ಜದ ಮೇಲೆ ಕೂತಿರಬೇಕು. ಆಕೆ ಉಸಿರು ತಗೊಂಡಾಗ ಒಂದು ಎಳೆ ಕೊಡಬೇಕು. ಮತ್ತೆ ಹಾಡು ಶುರುವಾದಾಗ ಒಳಗೆ ಹೋಗಬೇಕು. ಆ ಐರ್ಲೆಂಡಿನವರೂ ಅಷ್ಟೇ ಮಾಡುತ್ತಿದ್ದಾರೆ. ಬಾತಿಯನ್ನು, ಅಂದರೆ ಪೇಟಿಗೆ ಗಾಳಿ ಒತ್ತುವ ತಿದಿಯನ್ನು, ನಿಧಾನ ಎಳೆದು ಸ್ವರವನ್ನು ಉಬ್ಬಿಸಿ ಇಳಿಸುತ್ತಾರೆ. ಬೆರಳಿನ ಕೆಲಸ ಹತ್ತು ಪಾಲು, ಬಾತಿಯ ಕೆಲಸ ತೊಂಬತ್ತು.

ಶ್ರುತಿ ಬಿಳಿ ಎರಡಕ್ಕೆ (ಪೇಟಿಯ ಎರಡನೇ ಬಿಳಿ ಮನೆ) ಇಟ್ಟುಕೊಳ್ಳಿ. ಗಿಟಾರಿನ ಹುಡುಗಿಗೂ ಬರಿ ತಂತಿ ಸಿಗುತ್ತದೆ, ಪೇಟಿಗೂ ಒಳ್ಳೆಯ ಗಂಭೀರ ದನಿ ಬರುತ್ತದೆ.

ಜೋಗಿಮಟ್ಟಿ ಕೀಬೋರ್ಡ್

ಚಳ್ಳಕೆರೆ ಅಣ್ಣ ಕೇಳಿದ್ದು ಬಹಳ ಮುಖ್ಯದ್ದು. ಅದನ್ನು ದಾಟಿ ಹೋಗಬಾರದು.

ಐರ್ಲೆಂಡಿನಲ್ಲೂ ಇದೇ ತೊಡಕು ಇತ್ತು, ಇದೆ. ಹಳೇ ಪಿಟೀಲಿನವರು, ಹಾಡುವವರು ಕೆಲವು ಸ್ವರಗಳನ್ನು ಪಿಯಾನೊದ ಎರಡು ಮನೆಗಳ ನಡುವೆ ಹಿಡಿಯುತ್ತಿದ್ದರು. ಪಿಯಾನೊದವರು ಅಲ್ಲಿ ಪೂರ್ತಿ ಕಾರ್ಡ್ ಒತ್ತಿದರೆ ಆ ಸ್ವರ ಅಪಸ್ವರದ ಹಾಗೆ ಕೇಳಿಸುತ್ತದೆ. ತಪ್ಪು ಪಿಟೀಲಿನದಲ್ಲ, ಆದರೂ ಕೇಳುವವರು ಪಿಟೀಲನ್ನೇ ಬೈಯುತ್ತಾರೆ.

ಇದಕ್ಕೆ ದಾರಿ ಇದೆ. ಕಾರ್ಡಿನಲ್ಲಿ ಗಾಂಧಾರವನ್ನು ಇಡಲೇಬೇಡಿ. ಷಡ್ಜ, ಪಂಚಮ ಇಡಿ. ಬೇಕಾದರೆ ರಿಷಭ ಸೇರಿಸಿ, ಇಲ್ಲವೇ ಮಧ್ಯಮ. ಗಾಂಧಾರದ ಜಾಗ ಖಾಲಿ ಇರಲಿ. ಆ ಜಾಗ ಪಿಟೀಲಿನದು. ಅಲ್ಲಿ ಅತ್ತೆಯ ಸ್ವರ ಏನಿದೆಯೋ ಅದೇ ನಿಲ್ಲುತ್ತದೆ, ಅದರ ಜೊತೆ ಜಗಳ ಮಾಡಲು ಯಾರೂ ಇರುವುದಿಲ್ಲ. ಬುಝೂಕಿಯ ತಂತಿಗಳನ್ನು ಐರಿಶ್‌ನವರು ಶ್ರುತಿ ಮಾಡುವ ರೀತಿಯೂ ಇದಕ್ಕೆ ಹೊಂದುತ್ತದೆ, ಬರಿ ತಂತಿ ಮೀಟಿದರೆ ಗಾಂಧಾರ ಇಲ್ಲದ ನಾದ ಬರುತ್ತದೆ. ಗಿಟಾರಿನವರೂ ತಂತಿಗಳನ್ನು ಸ್ವಲ್ಪ ಇಳಿಸಿ ಹಾಗೇ ಮಾಡಿಕೊಳ್ಳುತ್ತಾರೆ. ನಿಮ್ಮ ಕಾಲೇಜು ಹುಡುಗಿಗೆ ಆರನೇ ತಂತಿಯನ್ನು ಒಂದು ಸ್ವರ ಇಳಿಸಲು ಹೇಳಿ. ಪೇಟಿ ಮಾಸ್ತರರು ಹೇಳಿದ ಬಿಳಿ ಎರಡಕ್ಕೆ ಸರಿಯಾಗಿ ಕೆಳಗಿನ ಷಡ್ಜ ಸಿಗುತ್ತದೆ.

ಮಕ್ಕಳ ಬೆರಳು ಜಾರುತ್ತದೆ ಅನ್ನೋದು ನಿಜ. ಅದಕ್ಕೆ ಕೀಬೋರ್ಡ್ ಇಲ್ಲದೆ ಮೊದಲು ಪೂರ್ತಿ ಕಲಿಯಬೇಕು. ಫೋನಿನ ರೆಕಾರ್ಡಿಂಗ್ ಜೊತೆಗಲ್ಲ, ಅತ್ತೆಯ ಎದುರಿಗೆ ಕೂತು.

ಹರಿಹರದ ಹೊಳೆ

ವಾದ್ಯದ ವಿಷಯ ನನಗೆ ಗೊತ್ತಿಲ್ಲ. ಐರ್ಲೆಂಡ್ ಅಂದ ಕೂಡಲೇ ಒಂದು ನೆನಪಾಯಿತು. ನಮ್ಮ 'ಜನಗಣಮನ'ದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು ಮಾರ್ಗರೆಟ್ ಕಸಿನ್ಸ್, ಐರಿಶ್ ಹೆಣ್ಣುಮಗಳು. 1919ರಲ್ಲಿ ಟ್ಯಾಗೋರರು ಮದನಪಲ್ಲಿಯ ಕಾಲೇಜಿಗೆ ಬಂದಾಗ, ಅವರಿಂದಲೇ ಕೇಳಿ ಬರೆದುಕೊಂಡರು. ದಾವಣಗೆರೆಯ ಪಿಟೀಲಿನವರು ಅವರ ಸಂಗೀತ ಕೇಳಿ ನಮ್ಮ ಅಜ್ಜಿಯರ ಪದ ಹುಡುಕುತ್ತಿರುವುದನ್ನು ಓದಿ ಸಂತೋಷವಾಯಿತು. ಮಾಡಿ ಮೇಡಂ.

ವಿದ್ಯಾನಗರ ಪಿಟೀಲು

ಎಲ್ಲರಿಗೂ ಧನ್ಯವಾದ. ಜೋಗಿಮಟ್ಟಿಯವರು ಹೇಳಿದ ಹಾಗೆ ಮಕ್ಕಳನ್ನು ಅತ್ತೆಯ ಎದುರಿಗೆ ಕೂರಿಸಿದ್ದೆ. ಕೀಬೋರ್ಡನ್ನು ಚೀಲದಿಂದ ತೆಗೆಯಲೇ ಬಿಡಲಿಲ್ಲ.

ಒಂದು ವಿಷಯ ಕಂಡಿತು. ತ್ರಿಪದಿ ಮೂರು ಸಾಲು ಅನ್ನುತ್ತೇವೆ. ಹಾಡುವಾಗ ಅತ್ತೆ ಎರಡನೇ ಸಾಲಿನ ಒಂದು ಭಾಗವನ್ನು ಮತ್ತೆ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಹಾಗಾಗಿ ಧಾಟಿಗೆ ನಾಲ್ಕು ಸಾಲಿನ ಅಳತೆ ಬರುತ್ತದೆ. ಐರಿಶ್ ಧಾಟಿಗಳಲ್ಲಿ ಎಂಟೆಂಟು ಬಾರ್‌ಗಳ (ತಾಳದ ಸುತ್ತುಗಳ) ಎರಡು ಭಾಗ, ಒಂದೊಂದನ್ನು ಎರಡೆರಡು ಸಲ ನುಡಿಸುವುದು. ಅಲ್ಲೂ ಮರಳಿ ಬರುವುದೇ ಜೀವ. ನಮ್ಮಲ್ಲಿ ಮರಳಿ ಬರುವ ಆ ಅರ್ಧ ಸಾಲು ಇದೆಯಲ್ಲ, ಅತ್ತೆ ಅಲ್ಲಿ ಒಂದಿಷ್ಟು ತಡೆದು ಹಾಡುತ್ತಾರೆ. ಕಲ್ಲು ಅಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತದೆ ಅಂತ ಅವರೇ ಕೈ ತಿರುಗಿಸಿ ತೋರಿಸಿದರು. ಚೆಲ್ಲೊದ ಕೆಲಸ ಮಾಡುವ ಪಿಟೀಲು ಅಲ್ಲೇ ಒಳಗೆ ಬರಬೇಕು ಅಂತ ನನಗೆ ಆಗಲೇ ಹೊಳೆಯಿತು. ನಡೆ ಮೂರರದ್ದು, ತಕಿಟ ತಕಿಟ. ಅವರ ಜಿಗ್ ಅನ್ನುವ ಕುಣಿತದ ಧಾಟಿಗಳದ್ದೂ ಅದೇ ನಡೆ. ಹಾಗಾಗಿ ಗಿಟಾರಿನ ಹುಡುಗಿಗೆ ಆ ಆಲ್ಬಂನಿಂದ ಕಲಿಯುವುದು ಬೇಕಾದಷ್ಟಿದೆ.

ಗಾಂಧಾರ ಖಾಲಿ ಬಿಟ್ಟು ನೋಡಿದೆವು. ಚಳ್ಳಕೆರೆಯವರೇ, ನೀವು ಬಂದು ಕೇಳಬೇಕು. ಕೀಬೋರ್ಡಿನಲ್ಲಿ ಬರೀ ಷಡ್ಜ ಪಂಚಮ ಹಿಡಿದಾಗ ಅತ್ತೆಯ ಗಾಂಧಾರ ಅಲುಗಾಡಲಿಲ್ಲ. ನಮ್ಮ ಕೀಬೋರ್ಡ್ ಹುಡುಗ ತಾನೇ ಕೈ ತೆಗೆದು 'ಮೇಡಂ, ಇಲ್ಲಿ ನಾನು ಸುಮ್ನಿದ್ರೆ ಚೆನ್ನಾಗಿದೆ' ಅಂದ. ನನಗೆ ಆ ಮಾತಿಗಿಂತ ದೊಡ್ಡ ಬಹುಮಾನ ಬೇಡ.

ಮಾತಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಿಂದಲೇ ಒಂದು ತೀರ್ಮಾನ ಮಾಡಿದೆ. ಅತ್ತೆ ವೇದಿಕೆ ಹತ್ತುವುದಿಲ್ಲ, ಮಂಡಿನೋವು. ಆದರೆ ಪಿಟೀಲಿನ ಮೂವರಲ್ಲಿ ಒಬ್ಬಳಿಗೆ ಕಂಠ ಇದೆ. ಅವಳು ಪಿಟೀಲು ಕೆಳಗಿಟ್ಟು ಎರಡು ತ್ರಿಪದಿಗಳನ್ನು ಯಾವ ಸಾಥೂ ಇಲ್ಲದೆ ಹಾಡುತ್ತಾಳೆ. ಆಮೇಲೆ ಮಾತ್ರ ವಾದ್ಯ. ಶಾಲೆಯವರಿಗೆ ಟ್ರ್ಯಾಕ್ ಇರುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ. ಐದು ನಿಮಿಷ ಕೊಟ್ಟಿದ್ದಾರೆ.

ಪೇಟಿ ಮಾಸ್ತರೇ, ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತೀರಾ? ಮಕ್ಕಳಿಗೆ ಬಾತಿ ಎಳೆಯುವುದನ್ನು ನೀವೇ ತೋರಿಸಬೇಕು. ಮೆಟ್ಟಿಲು ಹತ್ತಬೇಕಿಲ್ಲ, ಕೆಳಗಿನ ಕೋಣೆಯೇ. ನಿಮ್ಮ ಪೇಟಿ ತರಲು ಆಟೋ ಕಳಿಸುತ್ತೇನೆ. ಅತ್ತೆಗೂ ಕಂಪನಿ ನಾಟಕದ ಹಾಡುಗಳೆಂದರೆ ಪ್ರಾಣ, ನೀವು ಬರುತ್ತೀರಿ ಅಂದರೆ ಹೋಳಿಗೆ ಮಾಡಿಸುತ್ತಾರೆ.

ಪೇಟಿ ಮಾಸ್ತರ್ (ದಾವಣಗೆರೆ)

ಬರುತ್ತೇನೆ ತಂಗೀ. ಹತ್ತು ಗಂಟೆಗೆ ಆಟೋ ಕಳಿಸು. ಮೊಮ್ಮಗನನ್ನೂ ಕರಕೊಂಡು ಬರುತ್ತೇನೆ, ಅವನೂ ಕೇಳಲಿ. ಮೊದಲು ನಿಮ್ಮತ್ತೆಯವರು ಹಾಡಲಿ, ಪೇಟಿ ಆಮೇಲೆ ತೆಗೆಯೋಣ.